ಬಾಗಿಲೂ ಇಲ್ಲ, ಮಡಿಕೆಯೂ ಇಲ್ಲ: ಅಟ್ಟದಲ್ಲಿ ಸಿಕ್ಕ ಈ ರಿವಾಲ್ವರ್ ಯಾವುದು?

ಸುವರ್ಣಾತೀರ, ಉಡುಪಿ

ಎಲ್ಲರಿಗೂ ನಮಸ್ಕಾರ. ಕಲ್ಯಾಣಪುರದ ಬಳಿಯ ನಮ್ಮ ಮೂಲಮನೆಯ ಮಾಡು ರಿಪೇರಿ ಮಾಡಿಸುತ್ತಿದ್ದೇವೆ. ಹಂಚು ಇಳಿಸುವಾಗ ಅಟ್ಟದ ಮೂಲೆಯಲ್ಲಿ ಹಲಸಿನ ಮರದ ಒಂದು ಪೆಟ್ಟಿಗೆ ಕಂಡಿತು. ಹಳೆಯ ಗೇಣಿ ಚೀಟಿಗಳ ಅಡಿಯಲ್ಲಿ ಚರ್ಮದ ಚೀಲ, ಚೀಲದೊಳಗೆ ರಿವಾಲ್ವರ್. ತೋಟಕ್ಕೆ ನುಗ್ಗುವ ಹಂದಿಗಳ ಕಾಟಕ್ಕೆಂದು ಲೈಸೆನ್ಸ್ ಇರುವ ಒಂಟಿ ನಳಿಗೆಯ ಕೋವಿ ನಮ್ಮಲ್ಲಿದೆ. ಆದರೆ ಇಂಥ ವಸ್ತುವನ್ನು ಮನೆಯಲ್ಲಿ ಯಾರೂ ಕಂಡವರಲ್ಲ.

ಸಿಲಿಂಡರ್‌ನಲ್ಲಿ ಆರು ತೂತುಗಳಿವೆ. ತೋಟಾ ತುಂಬುವುದು ಎಲ್ಲಿಂದ ಎಂಬುದೇ ತಿಳಿಯುತ್ತಿಲ್ಲ. ಪಕ್ಕದಲ್ಲಿ ತೆರೆಯುವ ಚಿಕ್ಕ ಬಾಗಿಲಿಲ್ಲ. ಖಾಲಿ ತೋಟಾ ಹೊರಗೆ ತಳ್ಳುವ ಕಡ್ಡಿ ಇಲ್ಲ. ನಡುವಿನಲ್ಲಿ ಬಾಗಿ ತೆರೆದುಕೊಳ್ಳುವ ಮಡಿಕೆಯೂ ಇಲ್ಲ. ಟ್ರಿಗರ್ ಸುತ್ತಲಿನ ಬಳೆ ಮಾತ್ರ ವಿಚಿತ್ರವಾಗಿದೆ: ಅದು ಮುಂದಕ್ಕೆ ಬೆಳೆದು, ನಳಿಗೆಯ ಕೆಳಗೆ ಅಡಿಕೆ ಕತ್ತರಿಯ ಕೈಯಂತೆ ಉದ್ದಕ್ಕೆ ಚಾಚಿಕೊಂಡಿದೆ. ತುಕ್ಕು ಹಿಡಿದು ಯಾವ ಭಾಗವೂ ಅಲುಗುತ್ತಿಲ್ಲ.

ನಮ್ಮ ಹಿರಿಯರೊಬ್ಬರು 1837ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ಬಂಡೆದ್ದ ಕಲ್ಯಾಣಪ್ಪನ ದಂಡಿನೊಂದಿಗೆ ಮಂಗಳೂರಿಗೆ ಹೋಗಿದ್ದರು, ಇದು ಅವರದೇ ಆಯುಧ ಎನ್ನುತ್ತಾರೆ ದೊಡ್ಡಪ್ಪ. ಅವರಿಗೆ ಎಂಬತ್ತು ದಾಟಿದೆ, ಕಣ್ಣು ಮಂಜಾಗಿದ್ದರೂ ಅದನ್ನು ಮತ್ತೆ ಮತ್ತೆ ನೋಡುತ್ತಿದ್ದಾರೆ. ತಿಳಿದವರು ದಯವಿಟ್ಟು ದಾರಿ ತೋರಿಸಿ.

ಬಂದರಿನ ಕಮ್ಮಾರ, ಮಂಗಳೂರು

ಗುರುತು ಹಿಡಿಯುವ ಕೆಲಸ ಆಮೇಲೆ. ಮೊದಲು ಅದನ್ನು ಯಾರೂ ಮುಟ್ಟದಂತೆ ಒಂದು ಕಡೆ ಇಟ್ಟು ಠಾಣೆಗೆ ಫೋನ್ ಮಾಡಿ. ನೀವೇ ಬೈಕಿನಲ್ಲಿ ಕಟ್ಟಿಕೊಂಡು ಹೋಗಬೇಡಿ. ಅವರೇ ಬಂದು ಮಹಜರು ಬರೆದು ಒಯ್ಯಲಿ, ಸ್ವೀಕೃತಿ ಪತ್ರ ಕೇಳಿ ಪಡೆಯಿರಿ. ತೋಟದ ಕೋವಿಯ ಲೈಸೆನ್ಸ್ ಇದಕ್ಕೆ ಅನ್ವಯಿಸುವುದಿಲ್ಲ.

‘ಹಳೆಯ ವಸ್ತು ತಾನೆ, ಲೈಸೆನ್ಸ್ ಯಾಕೆ’ ಎಂದು ಹೇಳುವವರು ಬಹಳ ಮಂದಿ ಸಿಗುತ್ತಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೆಯ ಕಲಮಿನಲ್ಲಿ ಪುರಾತನ ಆಯುಧಗಳಿಗೆ ವಿನಾಯಿತಿ ಇರುವುದು ನಿಜ. ಆದರೆ ಆ ಆಯುಧ ರಿಪೇರಿ ಮಾಡಿದರೂ ಗುಂಡು ಹಾರಿಸಲು ಬಾರದಂತಿರಬೇಕು. ನಿಮ್ಮದು ಆ ಸಾಲಿಗೆ ಸೇರುತ್ತದೋ ಇಲ್ಲವೋ ಎಂದು ತೀರ್ಮಾನಿಸುವವರು ನೀವೂ ಅಲ್ಲ, ನಾನೂ ಅಲ್ಲ. ಪೊಲೀಸರ ಆಯುಧ ವಿಭಾಗದ ಮೆಕ್ಯಾನಿಕ್ ನೋಡಲಿ. ಒಳಗೆ ತೋಟಾ ಇದೆಯೇ ಎಂದು ನಳಿಗೆಯ ಬಾಯಿಗೆ ಕಣ್ಣಿಟ್ಟು ನೋಡುವ ಸಾಹಸವಂತೂ ಬೇಡವೇ ಬೇಡ.

ಅವರು ಅದನ್ನು ಪರೀಕ್ಷಿಸುವಾಗ ಹತ್ತಿರ ನಿಲ್ಲಲು ಅನುಮತಿ ಕೇಳಿ. ಸಿಲಿಂಡರ್, ನಳಿಗೆಯ ಬುಡ ಮತ್ತು ಹಿಡಿಯ ಮೇಲಿನ ಚೌಕಟ್ಟಿನಲ್ಲಿ ಸಣ್ಣ ಠಸ್ಸೆಗಳಿರುತ್ತವೆ. ಟಾರ್ಚನ್ನು ಓರೆಯಾಗಿ ಹಿಡಿದರೆ ಸವೆದ ಠಸ್ಸೆಯೂ ನೆರಳು ಬಿದ್ದು ಎದ್ದು ಕಾಣುತ್ತದೆ. ತೆಳು ಕಾಗದ ಇಟ್ಟು ಮೇಲೆ ಪೆನ್ಸಿಲ್ ಉಜ್ಜಿದರೆ ಅಚ್ಚು ಮೂಡುತ್ತದೆ. ಇನ್ನೊಂದು: ಆ ಉದ್ದ ಕೈಯನ್ನು ಎಳೆದಾಗ ನಳಿಗೆ ಬಾಗುತ್ತದೆಯೋ, ತಿರುಗುತ್ತದೆಯೋ, ನೇರ ಮುಂದಕ್ಕೆ ಸರಿಯುತ್ತದೆಯೋ ಎಂದು ಗಮನಿಸಿ. ಅರ್ಧ ಉತ್ತರ ಅದರಲ್ಲೇ ಇದೆ.

ತೋಟದಮನೆ, ಬೈಂದೂರು

ಬ್ರಿಟಿಷರ ಕಾಲದ್ದು ಎಂದ ಮೇಲೆ ಇಂಗ್ಲೆಂಡಿನ ವೆಬ್ಲಿ ಕಂಪನಿಯದೇ ಇರಬೇಕು. ನಮ್ಮ ಕಡೆ ಹಳೆಯ ರಿವಾಲ್ವರ್ ಎಂದರೆ ಅದೇ. ಸೀಮೆಎಣ್ಣೆಯಲ್ಲಿ ನೆನೆಸಿ ಉಪ್ಪುಕಾಗದದಿಂದ ಉಜ್ಜಿದರೆ ಹೆಸರು ಕಾಣುತ್ತದೆ.

ಬಂದರಿನ ಕಮ್ಮಾರ, ಮಂಗಳೂರು

ಮಾರಾಯರೇ, ಉಪ್ಪುಕಾಗದ ಖಂಡಿತ ಬೇಡ! ಠಸ್ಸೆಯ ಆಳ ಒಂದು ಕೂದಲೆಳೆಯಷ್ಟೂ ಇರುವುದಿಲ್ಲ. ತುಕ್ಕಿನ ಜೊತೆ ಅದೂ ಹೋದರೆ ಆ ವಸ್ತುವಿನ ಜಾತಕವೇ ಹೋದಂತೆ. ತೆಳುವಾದ ಯಂತ್ರದ ಎಣ್ಣೆ, ಮೆತ್ತನೆಯ ಹತ್ತಿಬಟ್ಟೆ, ತಾಳ್ಮೆ, ಇಷ್ಟು ಸಾಕು. ತೆಂಗಿನ ಎಣ್ಣೆಯನ್ನೂ ಹಚ್ಚಬೇಡಿ, ಅದು ಕ್ರಮೇಣ ಅಂಟಾಗುತ್ತದೆ. ಚರ್ಮದ ಚೀಲವನ್ನು ಬೇರೆಯಾಗಿಯೇ ಇಡಿ. ನಮ್ಮ ಮಳೆಗಾಲದಲ್ಲಿ ಚರ್ಮ ತೇವ ಹೀರಿಕೊಂಡು ಉಕ್ಕಿಗೆ ಒತ್ತಿ ಹಿಡಿಯುತ್ತದೆ. ಕರಾವಳಿಯಲ್ಲಿ ಎಷ್ಟೋ ಹಳೆಯ ಕೋವಿ, ಕತ್ತಿಗಳು ಹಾಳಾದದ್ದು ಹೀಗೆಯೇ.

ವೆಬ್ಲಿ ಎಂಬ ಊಹೆ ಇಲ್ಲಿ ನಿಲ್ಲುವುದಿಲ್ಲ. ಬ್ರಿಟಿಷ್ ಸೈನ್ಯ 1887ರಲ್ಲಿ ಒಪ್ಪಿಕೊಂಡ ವೆಬ್ಲಿ ನಡು ಬಾಗಿ ತೆರೆದುಕೊಳ್ಳುವಂಥದು. ಅದಕ್ಕಿಂತ ಹಿಂದಿನ ಗಟ್ಟಿ ಚೌಕಟ್ಟಿನ ವೆಬ್ಲಿಗಳಲ್ಲಿ ಪಕ್ಕದ ಬಾಗಿಲು ಇರುತ್ತದೆ. ಇವರ ರಿವಾಲ್ವರ್‌ನಲ್ಲಿ ಎರಡೂ ಇಲ್ಲ.

ಸುವರ್ಣಾತೀರ, ಉಡುಪಿ

ಠಾಣೆಯವರು ಬಂದು ಒಯ್ದರು, ಸ್ವೀಕೃತಿ ಪತ್ರ ಕೊಟ್ಟಿದ್ದಾರೆ. ಜಿಲ್ಲಾ ಸಶಸ್ತ್ರ ಮೀಸಲು ಪಡೆಯ ಮೆಕ್ಯಾನಿಕ್ ಒಬ್ಬರು ಎಣ್ಣೆ ಬಿಟ್ಟು ನೆನೆಯಲು ಇಟ್ಟು, ನಂತರ ನನ್ನನ್ನೂ ಕರೆಸಿದರು. ಬಹಳ ಸಜ್ಜನರು. ಟ್ರಿಗರ್ ಬಳೆಯ ಹಿಂತುದಿಯನ್ನು ಬಿಡಿಸಿ ಕೆಳಕ್ಕೆ ಎಳೆದು ಮುಂದಕ್ಕೆ ದೂಡಿದಾಗ ನಳಿಗೆ ಬಾಗಲಿಲ್ಲ, ತಿರುಗಲೂ ಇಲ್ಲ. ನಳಿಗೆಯೂ ಸಿಲಿಂಡರೂ ಒಟ್ಟಾಗಿ ನೇರ ಮುಂದಕ್ಕೆ ಸರಿದವು! ಸಿಲಿಂಡರ್‌ನ ಹಿಂದಿದ್ದ ತೆಳುವಾದ ತಟ್ಟೆಯೊಂದು ನಡುವೆ ನಿಂತುಬಿಟ್ಟಿತು. ಒಳಗೆ ತೋಟಾ ಇರಲಿಲ್ಲ.

ಸಿಲಿಂಡರ್ ಮೇಲೆ ಮೊಟ್ಟೆಯಾಕಾರದ ಗೆರೆಯೊಳಗೆ ಇ, ಎಲ್, ಜಿ ಎಂಬ ಇಂಗ್ಲಿಷ್ ಅಕ್ಷರಗಳು, ಅವುಗಳ ಕೆಳಗೆ ಚಿಕ್ಕ ನಕ್ಷತ್ರ. ಮೊಟ್ಟೆಯ ಮೇಲ್ಭಾಗದಲ್ಲಿ ಏನೂ ಇಲ್ಲ. ಚೌಕಟ್ಟಿನಲ್ಲಿ ಒಂಟಿ ಅಕ್ಷರವೊಂದು, ಅದರ ನೆತ್ತಿಯ ಮೇಲೆಯೂ ನಕ್ಷತ್ರ. ನಳಿಗೆಯ ಬೆನ್ನಿನಲ್ಲಿ ಒಂದು ಸಾಲು ಬರಹ ಇತ್ತು. ತುಕ್ಕು ತಿಂದು ಉಳಿದದ್ದು ‘ಮದ್ರಾಸ್’ ಎಂಬ ಕೊನೆಯ ಪದ ಮಾತ್ರ.

ಬಂದರಿನ ಕಮ್ಮಾರ, ಮಂಗಳೂರು

ಇದನ್ನು ಓದಿ ಆದ ಸಂತೋಷ ಹೇಳತೀರದು. ಸಮಾಧಾನವಾಗಿ ಬರೆಯುತ್ತೇನೆ.

ಸಿಲಿಂಡರನ್ನು ಮುಂದಕ್ಕೆ ಸರಿಸಿ ಖಾಲಿ ತೋಟಾಗಳನ್ನು ಒಟ್ಟಿಗೆ ಬೀಳಿಸುವ ಉಪಾಯವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಹಲವರು ಮಾಡಿದರು. ಬ್ರಿಟಿಷ್ ಸೈನ್ಯದ 1880ರ ಎನ್‌ಫೀಲ್ಡ್‌ನಲ್ಲಿ ನಳಿಗೆ ಕೆಳಕ್ಕೆ ಬಾಗಿದಂತೆ ಸಿಲಿಂಡರ್ ಮುಂದಕ್ಕೆ ಬರುತ್ತದೆ. ಅಮೆರಿಕದ ಮರ್ವಿನ್ ಹಲ್ಬರ್ಟ್‌ನಲ್ಲಿ ನಳಿಗೆಯನ್ನು ಪಕ್ಕಕ್ಕೆ ತಿರುಗಿಸಿ ಎಳೆಯಬೇಕು. ಬಾಗದೆ, ತಿರುಗದೆ, ಟ್ರಿಗರ್ ಬಳೆಗೆ ಸೇರಿದ ಕೈಯ ಬಲದಿಂದ ನಳಿಗೆ ನೇರ ಮುಂದಕ್ಕೆ ಹೋಗುತ್ತದೆ ಎಂದಾದರೆ ಅದು ಗಲಾಂ ಪದ್ಧತಿ. ಷಾರ್ಲ್ ಫ್ರಾಂಸ್ವಾ ಗಲಾಂ ಎಂಬ ಬಂದೂಕು ತಯಾರಕ 1868ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ನೀವು ಕಂಡ ಆ ತೆಳು ತಟ್ಟೆಯೇ ಇದರ ಜೀವಾಳ. ಮೊದಲು ಎಲ್ಲವೂ ಒಟ್ಟಿಗೆ ಸರಿಯುತ್ತವೆ. ಸ್ವಲ್ಪ ದೂರದಲ್ಲಿ ತಟ್ಟೆ ತಡೆದು ನಿಲ್ಲುತ್ತದೆ. ಸಿಲಿಂಡರ್ ಮಾತ್ರ ಇನ್ನೂ ಮುಂದೆ ಹೋಗುತ್ತದೆ. ತೋಟಾಗಳ ಅಂಚು ತಟ್ಟೆಗೆ ಸಿಕ್ಕಿಕೊಂಡು ಅವು ಹಿಂದೆ ಉಳಿಯುತ್ತವೆ, ಉದುರುತ್ತವೆ. ಉಳಿದ ರಿವಾಲ್ವರ್‌ಗಳಲ್ಲಿ ಒಂದೊಂದೇ ತೋಟಾವನ್ನು ಕಡ್ಡಿಯಿಂದ ತಳ್ಳಬೇಕಾಗಿದ್ದ ಕಾಲ ಅದು. ರಷ್ಯಾದ ನೌಕಾಪಡೆ 1870ರ ಹೊತ್ತಿಗೆ ಇದನ್ನು ಮೆಚ್ಚಿ ಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಈಗ ಊರು. ಮೊಟ್ಟೆಯೊಳಗಿನ ಇ.ಎಲ್.ಜಿ. ಬೆಲ್ಜಿಯಂ ದೇಶದ ಲಿಯೇಜ್ ನಗರದ ಪರೀಕ್ಷಾಲಯದ ಠಸ್ಸೆ. ನೆಪೋಲಿಯನ್‌ನ 1810ರ ಆಜ್ಞೆಯ ಪ್ರಕಾರ ಅಲ್ಲಿ ತಯಾರಾದ ಬಂದೂಕುಗಳು ಪರೀಕ್ಷೆಗೆ ಒಳಗಾಗಬೇಕಿತ್ತು. ಅಳತೆಗಿಂತ ಹೆಚ್ಚು ಮದ್ದು ತುಂಬಿ ಹಾರಿಸಿ, ಒಡೆಯದೆ ಉಳಿದದ್ದಕ್ಕೆ ಮಾತ್ರ ಠಸ್ಸೆ ಬೀಳುತ್ತಿತ್ತು. ಗಲಾಂ ಪದ್ಧತಿಯ ರಿವಾಲ್ವರ್‌ಗಳು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿಯೂ ತಯಾರಾದವು. ನಿಮ್ಮದು ಅಲ್ಲಿಯದಾಗಿದ್ದರೆ ಕಿರೀಟದ ಕೆಳಗೆ ಅಡ್ಡ ಹಾಕಿದ ಎರಡು ರಾಜದಂಡಗಳ ಗುರುತು ಇರಬೇಕಿತ್ತು.

ಕಾಲ ಹೇಳುವುದು ಇಲ್ಲದಿರುವ ಕಿರೀಟ. ಲಿಯೇಜಿನ ಮೊಟ್ಟೆಯ ಮೇಲೆ ಕಿರೀಟ ಕೂತದ್ದು 1893ರಲ್ಲಿ. ಅದಿಲ್ಲ ಎಂದರೆ ಅದಕ್ಕೂ ಹಿಂದಿನದು. ಇನ್ನೂ ಹತ್ತಿರಕ್ಕೆ ಹೋಗಬಹುದು. ಚೌಕಟ್ಟಿನ ಒಂಟಿ ಅಕ್ಷರ ಪರೀಕ್ಷಕನ ಗುರುತು. 1853ರಿಂದ 1877ರವರೆಗೆ ಆ ಅಕ್ಷರದ ಮೇಲೆ ಕಿರೀಟ ಹಾಕುತ್ತಿದ್ದರು, ಆಮೇಲೆ ನಕ್ಷತ್ರ ಬಂತು. ನಿಮ್ಮದರಲ್ಲಿ ನಕ್ಷತ್ರ. ನಕ್ಷತ್ರದ ಆರಂಭ 1877, ಮೊಟ್ಟೆಯ ಮೇಲಿನ ಕಿರೀಟ 1893: ನಿಮ್ಮ ರಿವಾಲ್ವರ್ ಹುಟ್ಟಿದ್ದು ಈ ಎರಡರ ನಡುವೆ, ಲಿಯೇಜಿನಲ್ಲಿ. ಇದನ್ನು ನಾನು ಧೈರ್ಯವಾಗಿ ಹೇಳುತ್ತೇನೆ.

ದೊಡ್ಡಪ್ಪನವರಿಗೆ ಹೇಳಬೇಕಾದದ್ದು ಕಷ್ಟದ ಮಾತು. 1837ರ ಏಪ್ರಿಲ್‌ನಲ್ಲಿ ಮಂಗಳೂರಿನ ಬಾವುಟಗುಡ್ಡದಲ್ಲಿ ಬಂಡಾಯಗಾರರು ಧ್ವಜ ಏರಿಸಿದಾಗ ಕೋಲ್ಟ್‌ನ ರಿವಾಲ್ವರ್‌ಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿ ಒಂದು ವರ್ಷವಷ್ಟೇ ಕಳೆದಿತ್ತು. ಅದಕ್ಕೂ ಮದ್ದು, ಗುಂಡುಗಳನ್ನು ಬೇರೆ ಬೇರೆಯಾಗಿ ಮುಂದಿನಿಂದ ತುಂಬಬೇಕಿತ್ತು. ಕಂಪನಿಯ ಸಿಪಾಯಿಗಳ ಕೈಯಲ್ಲಿದ್ದದ್ದು ಚಕಮಕಿ ಕಲ್ಲಿನ ಬಂದೂಕು. ಹಾಗೆಂದು ನಿಮ್ಮ ಹಿರಿಯರು ದಂಡಿನಲ್ಲಿ ಇರಲಿಲ್ಲ ಎಂದಾಗುವುದಿಲ್ಲ. ಆ ಕಥೆಯೂ ಈ ವಸ್ತುವೂ ಒಂದೇ ಮನೆಯಲ್ಲಿ ಬೇರೆ ಬೇರೆ ತಲೆಮಾರುಗಳಿಂದ ಬಂದು ಕೂಡಿಕೊಂಡಿರಬಹುದು. ಹಾಗೆಯೇ ಅವರಿಗೆ ಹೇಳಿ.

ತೋಟದಮನೆ, ಬೈಂದೂರು

ಬೆಲ್ಜಿಯಂನದು ಎಂದರೆ ಒಪ್ಪಿದೆ. ಆದರೆ ಮೇಲೆ ಮದ್ರಾಸ್ ಎಂದು ಕೊರೆದಿದೆಯಲ್ಲ?

ಹಳೆಕಾಗದ, ಕುಂದಾಪುರ

ಅದು ಅಂಗಡಿಯ ವಿಳಾಸದ ಉಳಿಕೆ. ಆ ಕಾಲದಲ್ಲಿ ತಯಾರಕನ ಹೆಸರಿಗಿಂತ ಮಾರಿದವನ ಹೆಸರನ್ನೇ ನಳಿಗೆಯ ಬೆನ್ನಿನಲ್ಲಿ ಕೆತ್ತಿಸುವ ರೂಢಿ ಇತ್ತು. ಮದ್ರಾಸಿನ ಪಿ. ಓರ್ ಅಂಡ್ ಸನ್ಸ್ ಗಡಿಯಾರಗಳ ಜೊತೆಗೆ ಬಂದೂಕುಗಳನ್ನೂ ಮಾರುತ್ತಿತ್ತು. ಆದರೆ ಒಂದೇ ಪದ ಉಳಿದಿರುವಾಗ ಇದನ್ನು ಅವರ ತಲೆಗೆ ಕಟ್ಟುವುದು ಸರಿಯಲ್ಲ.

ನಮ್ಮ ಜಿಲ್ಲೆಯ ಆಯುಧದ ಮೇಲೆ ಬೊಂಬಾಯಿಯ ಬದಲು ಮದ್ರಾಸ್ ಇರುವುದು ಸಹಜವೇ. 1862ರಲ್ಲಿ ಉತ್ತರ ಕನ್ನಡವನ್ನು ಬೊಂಬಾಯಿ ಪ್ರಾಂತ್ಯಕ್ಕೆ ಸೇರಿಸಿದರೂ ಉಡುಪಿ, ಮಂಗಳೂರು ಸೀಮೆ 1956ರವರೆಗೂ ಮದ್ರಾಸಿನ ಆಡಳಿತದಲ್ಲೇ ಇತ್ತು. 1869ರಲ್ಲಿ ಸುಯೆಜ್ ಕಾಲುವೆ ತೆರೆದ ಮೇಲೆ ಯುರೋಪಿನ ಸರಕು ಇತ್ತ ಬೇಗ ಬರತೊಡಗಿತು. ಘಟ್ಟದ ಮೇಲಿನ ಕಾಫಿ ಮಂಗಳೂರು ಬಂದರಿಗೆ ಇಳಿಯುತ್ತಿದ್ದ ದಿನಗಳು ಅವು. ತೋಟದ ದೊರೆಗಳು, ಕಚೇರಿಯ ಅಧಿಕಾರಿಗಳು ಊರು ಬಿಡುವಾಗ ಸಾಮಾನುಗಳನ್ನು ಮಾರುತ್ತಿದ್ದರು. ನಿಮ್ಮ ಮನೆಗೆ ಇದು ಬಂದ ದಾರಿಯನ್ನು ಹುಡುಕಬೇಕಾದದ್ದು ಆ ಪೆಟ್ಟಿಗೆಯಲ್ಲೇ. 1878ರ ಶಸ್ತ್ರಾಸ್ತ್ರ ಕಾಯ್ದೆ ಬಂದ ಮೇಲೆ ಊರವರು ಬಂದೂಕು ಇಟ್ಟುಕೊಳ್ಳಲು ಲೈಸೆನ್ಸ್ ಬೇಕಾಗಿತ್ತು. ಗೇಣಿ ಚೀಟಿಗಳನ್ನು ಒಂದೊಂದಾಗಿ ಬಿಡಿಸಿ ನೋಡಿ. ಮಡಿಸಿಟ್ಟ ಲೈಸೆನ್ಸ್ ಸಿಕ್ಕರೆ ಹೆಸರೂ ವರ್ಷವೂ ಒಟ್ಟಿಗೆ ಸಿಗುತ್ತವೆ. ಸಿಗದಿದ್ದರೆ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಹಳೆಯ ಕಡತಗಳಿವೆ. ಹಿರಿಯರ ಹೆಸರು, ಗ್ರಾಮ ಬರೆದುಕೊಂಡು ಹೋಗಿ.

ಸುವರ್ಣಾತೀರ, ಉಡುಪಿ

ದೊಡ್ಡಪ್ಪನವರಿಗೆ ಎಲ್ಲವನ್ನೂ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಇದನ್ನು ತಂದವರು ಯಾರು?’ ಎಂದು ಕೇಳಿದರು. ಈಗ ಅವರೇ ಚಾವಡಿಯಲ್ಲಿ ಕೂತು ಚೀಟಿಗಳನ್ನು ಬಿಡಿಸುತ್ತಿದ್ದಾರೆ, ಪಕ್ಕದಲ್ಲಿ ಕೂತು ಓದಿ ಹೇಳುವ ಕೆಲಸ ನನ್ನದು. ಇನ್ನೊಂದು ಪ್ರಶ್ನೆ: ರಿವಾಲ್ವರನ್ನು ಮನೆಯಲ್ಲೇ ಉಳಿಸಿಕೊಳ್ಳಬಹುದೇ? ಹೊರದೇಶದವರು ಕೊಳ್ಳುತ್ತಾರೆ ಎಂದು ಒಬ್ಬರು ಹೇಳಿದರು.

ಬಂದರಿನ ಕಮ್ಮಾರ, ಮಂಗಳೂರು

ಹೊರದೇಶದ ಮಾತು ಬಿಟ್ಟುಬಿಡಿ. ನೂರು ವರ್ಷ ದಾಟಿದ ವಸ್ತು 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ. ಮನೆಯಲ್ಲಿ ಉಳಿಸಿಕೊಳ್ಳುವ ಆಸೆ ಇದ್ದರೆ ಮಣಿಪಾಲದ ರಜತಾದ್ರಿಯಲ್ಲಿ ಜಿಲ್ಲಾಧಿಕಾರಿಗಳ ಕಚೇರಿಗೆ ಅರ್ಜಿ ಕೊಡಿ, ಸ್ವೀಕೃತಿ ಪತ್ರದ ಪ್ರತಿ ಜೊತೆಗಿರಲಿ. ಮೆಕ್ಯಾನಿಕ್‌ರ ವರದಿಯ ಮೇಲೆ ಅದು ನಿರ್ಧಾರವಾಗುತ್ತದೆ. ಯಾಂತ್ರಿಕವಾಗಿ ಸರಿ ಇದೆ ಎಂದು ವರದಿ ಬಂದರೆ, ನನ್ನ ಮಟ್ಟಿಗೆ, ಬಿಜೈಯ ಶ್ರೀಮಂತಿ ಬಾಯಿ ಸ್ಮಾರಕ ಸರಕಾರಿ ವಸ್ತುಸಂಗ್ರಹಾಲಯದವರೊಂದಿಗೆ ಮಾತನಾಡುವುದು ಉತ್ತಮ. ಗುಂಡು ಹಾರದಂತೆ ನಳಿಗೆ ಕೊರೆಸಿ ಇಟ್ಟುಕೊಳ್ಳಿ ಎಂದು ಯಾರಾದರೂ ಸಲಹೆ ಕೊಟ್ಟರೆ ಅಧಿಕಾರಿಗಳ ಲಿಖಿತ ಆದೇಶ ಇಲ್ಲದೆ ಒಪ್ಪಬೇಡಿ.

ಮತ್ತೆ, ಸ್ವೀಕೃತಿ ಪತ್ರವನ್ನು ಒಮ್ಮೆ ತೆಗೆದು ನೋಡಿ. ಅದರಲ್ಲಿ ಬರೀ ‘ಹಳೆಯ ರಿವಾಲ್ವರ್ ಒಂದು’ ಎಂದಿದ್ದರೆ ವಿವರ ಸೇರಿಸಲು ಈಗಲೇ ವಿನಂತಿಸಿ: ಆರು ಗುಂಡು, ಗಲಾಂ ಪದ್ಧತಿ, ಲಿಯೇಜ್ ಠಸ್ಸೆ, ನಳಿಗೆಯ ಮೇಲೆ ಮದ್ರಾಸ್. ಭಾಗಗಳ ಮೇಲೆ ಸಂಖ್ಯೆ ಇದ್ದರೆ ಅದನ್ನೂ ಬರೆಸಿ.