ಅಪ್‌ಡೇಟ್: ಚೈನ್‌ಸಾ ಕೊನೆಗೂ ಸ್ಟಾರ್ಟ್ ಆಯ್ತು

ಎಷ್ಟು ಹಗ್ಗ ಎಳೆದರೂ ನನ್ನ ಮರ ಕೊಯ್ಯುವ ಪೆಟ್ರೋಲ್ ಚೈನ್‌ಸಾ ಸ್ಟಾರ್ಟ್ ಆಗುತ್ತಿಲ್ಲ ಅಂತ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ ಅಲ್ವಾ? ತಪ್ಪು ನನ್ನದೇ. ಚೋಕ್ (ಗಾಳಿ ತಡೆದು ಎಂಜಿನ್ನಿಗೆ ಹೆಚ್ಚು ಪೆಟ್ರೋಲ್ ಬಿಡುವ ಲಿವರ್) ಹಾಕಿ ಎಳೆದಾಗ ಒಮ್ಮೆ ‘ಪಟ್’ ಅಂತ ಸದ್ದು ಬಂದು ನಿಲ್ಲುತ್ತಿತ್ತು. ಆಗಲೇ ಚೋಕ್ ತೆಗೆಯಬೇಕಿತ್ತು. ನಾನು ಸುಮ್ನೆ ಎಳೆಯುತ್ತಲೇ ಇದ್ದೆ, ಒಳಗೆ ಪೆಟ್ರೋಲ್ ತುಂಬಿಕೊಂಡಿತ್ತು.

ನೀವು ಹೇಳಿದಂತೆ ಸ್ವಿಚ್ ಆಫ್ ಮಾಡಿ, ಎಂಜಿನ್ನಿಗೆ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ತುದಿ ಒದ್ದೆಯಾಗಿ ಹೊಳೆಯುತ್ತಿತ್ತು. ಒರೆಸಿ ಒಣಗಿಸಿದೆ. ಪ್ಲಗ್ ಇಲ್ಲದೆಯೇ ಏಳೆಂಟು ಸಲ ಹಗ್ಗ ಎಳೆದೆ. ತೂತಿನಿಂದ ಪೆಟ್ರೋಲ್ ಚಿಮ್ಮಿತು. ಮುಖ ದೂರ ಇಟ್ಟಿದ್ದೆ, ಬಚಾವ್! ಚೆಲ್ಲಿದ್ದನ್ನು ಒರೆಸಿ, ಪ್ಲಗ್ ಹಾಕಿ, ಬೇರೆ ಜಾಗಕ್ಕೆ ಒಯ್ದು, ಚೋಕ್ ಇಲ್ಲದೆ ಎಳೆದೆ. ನಾಲ್ಕನೇ ಸಲಕ್ಕೆ ಹೊಗೆ ಉಗುಳಿ ಶುರುವಾಯ್ತು.

ಮೊದಲು ಕೈಯಲ್ಲಿ ತೂಗಾಡಿಸಿಕೊಂಡು ಎಳೆಯುತ್ತಿದ್ದೆ, ಈಗ ನೆನೆದರೆ ಭಯವಾಗುತ್ತದೆ. ಈಗ ನೆಲದ ಮೇಲಿಟ್ಟು, ಚೈನ್ ತಿರುಗದಂತೆ ತಡೆಯುವ ಚೈನ್ ಬ್ರೇಕ್ ಹಾಕಿ, ಬಲಗಾಲಿನ ಬೂಟನ್ನು ಹಿಂದಿನ ಹಿಡಿಕೆಯೊಳಗೆ ತೂರಿಸಿ, ಎಡಗೈಯಲ್ಲಿ ಮುಂದಿನ ಹಿಡಿಕೆ ಒತ್ತಿ ಹಿಡಿಯುತ್ತೇನೆ.

ಇನ್ನೊಂದು ವಿಷಯ. ಆಕ್ಸಿಲರೇಟರ್ ಬಿಟ್ಟರೂ ಚೈನ್ ಮೆಲ್ಲಗೆ ತಿರುಗುತ್ತಿತ್ತು. ಆಕ್ಸಿಲರೇಟರ್ ಬಿಟ್ಟಾಗಿನ ಎಂಜಿನ್ ವೇಗ ಹೊಂದಿಸುವ ಐಡಲ್ ಸ್ಕ್ರೂ ತುಸು ಸಡಿಲಿಸಿದೆ, ನಿಂತಿತು. ನನ್ನ ಮಷಿನ್‌ಗೆ ಪೆಟ್ರೋಲ್-ಆಯಿಲ್ ಬೆರೆಸುವ ಲೆಕ್ಕ 50:1, ಅಂದರೆ ಲೀಟರ್ ಪೆಟ್ರೋಲಿಗೆ 20 ಮಿಲೀ ಆಯಿಲ್. ಮೊದಲು ಅಂದಾಜಿನಲ್ಲಿ ಜಾಸ್ತಿ ಸುರಿಯುತ್ತಿದ್ದೆ. ಬಾರ್ (ಚೈನ್ ಸುತ್ತುವ ಉದ್ದನೆಯ ಪಟ್ಟಿ) ತುದಿಯ ಮೇಲ್ಭಾಗ ಮರಕ್ಕೆ ತಾಗಿದರೆ ಗರಗಸ ಮುಖಕ್ಕೇ ಎಗರುತ್ತದೆ ಅಂತ ಎಚ್ಚರಿಸಿದವರಿಗೆ ಥ್ಯಾಂಕ್ಸ್. ಹೆಲ್ಮೆಟ್, ಕನ್ನಡಕ ತಂದಾಯ್ತು. ಕಾಲಿಗೆ ಹಾಕುವ ರಕ್ಷಣೆ ಬಂದ ಮೇಲೇ ಮರ ಮುಟ್ಟುತ್ತೇನೆ.