ದುಬೈನಲ್ಲಿ ಡಾಲ್ಫಿನ್, ಕಡಲ ಸಿಂಹದ ಜೊತೆ ನೀರಿಗಿಳಿಯೋದು: ಗೊತ್ತಿರೋರು ಹೇಳಿ

ಪ್ರಶ್ನೆ (ಕುವೆಂಪುನಗರ, ಮೈಸೂರು): ದಸರಾ ರಜೆಗೆ ಮನೆಯವರೆಲ್ಲ ದುಬೈಗೆ ಹೊರಟಿದ್ದೇವೆ. ಡಾಲ್ಫಿನ್ ಮುಟ್ಟಬೇಕು ಅಂತ 7 ವರ್ಷದ ಮಗಳ ಆಸೆ. ಜೊತೆಗೆ ಅತ್ತೆ, ಮಾವ ಇದ್ದಾರೆ. ಅತ್ತೆಗೆ ಮಂಡಿನೋವು. ನಮ್ಮಲ್ಲಿ ಯಾರಿಗೂ ಈಜು ಬರೋದಿಲ್ಲ. ಮಗುವಿಗೆ ಚಳಿಗಾಲದಲ್ಲಿ ವೀಸಿಂಗ್ ಬರುತ್ತೆ. ಯಾವ ಟಿಕೆಟ್ ತಗೋಬೇಕು, ಏನು ಎಚ್ಚರಿಕೆ ಬೇಕು, ಗೊತ್ತಿರೋರು ದಯವಿಟ್ಟು ತಿಳಿಸಿ.

ಟೂರ್ ವ್ಯವಸ್ಥೆ ಮಾಡುವವರು, ಸರಸ್ವತಿಪುರಂ: ಮೇಡಂ, ದುಬೈನಲ್ಲಿ ಎರಡು ಬೇರೆ ಬೇರೆ ಜಾಗ ಇದೆ, ಅದನ್ನ ಮೊದಲು ಬೇರ್ಪಡಿಸಿಕೊಳ್ಳಿ. ಕ್ರೀಕ್ ಪಾರ್ಕ್ ಒಳಗಿನ ದುಬೈ ಡಾಲ್ಫಿನೇರಿಯಂ ಎಸಿ ಸಭಾಂಗಣ, ಮುಖ್ಯವಾಗಿ ಕೂತು ನೋಡುವ ಶೋ. ಪಾಮ್ ಜುಮೇರಾದ ಅಟ್ಲಾಂಟಿಸ್ ಹೋಟೆಲಿನ ಡಾಲ್ಫಿನ್ ಬೇ ಬಯಲಿನಲ್ಲಿದೆ, ಅಲ್ಲಿ ಜನ ನೀರಿಗಿಳೀತಾರೆ.

ಈಜು ಬರದವರು ಸೊಂಟಮಟ್ಟದ ನೀರಿನಲ್ಲಿ ನಿಲ್ಲುವ ಟಿಕೆಟನ್ನೇ ಕೇಳಿ. ಆಳದ ನೀರಿನ ಟಿಕೆಟ್‌ಗೆ ಲೈಫ್ ಜಾಕೆಟ್ ಕೊಟ್ಟರೂ ನೀರಿನ ಭಯ ಇರೋರಿಗೆ ಅದು ಬೇಡ. ಭಯಪಟ್ಟವರು ಕೈಕಾಲು ಬಡೀತಾರೆ, ಪ್ರಾಣಿಗೆ ಏಟು ಬೀಳುತ್ತೆ. ಬುಕ್ ಮಾಡೋ ಮೊದಲು ಬರಹದಲ್ಲೇ ಕೇಳಿಕೊಳ್ಳಿ: ಮಗುವಿನ ವಯಸ್ಸು ಮತ್ತು ಎತ್ತರದ ಮಿತಿ, ಜೊತೆಗೆ ಒಬ್ಬ ದೊಡ್ಡವರು ಟಿಕೆಟ್ ತಗೊಂಡು ಇಳಿಯಲೇಬೇಕಾ, ದಡದಲ್ಲಿ ನಿಂತು ನೋಡೋರಿಗೂ ಟಿಕೆಟ್ ಬೇಕಾ, ಫೋಟೋ ದುಡ್ಡು ಬೇರೆಯಾ. ಸಾಮಾನ್ಯವಾಗಿ ನೀರಿನ ಹತ್ತಿರ ನಿಮ್ಮ ಮೊಬೈಲ್ ಬಿಡೋದಿಲ್ಲ. ಹಾಗಾಗಿ ಫೋಟೋ ಪ್ಯಾಕೇಜ್ ಬೆಲೆ ಮೊದಲೇ ಗೊತ್ತಿದ್ದರೆ ಒಳ್ಳೇದು. ಗರ್ಭಿಣಿಯರನ್ನ ಇಳಿಸೋದಿಲ್ಲ.

ವೆಟ್‌ಸೂಟ್ (ನೀರಿಗಿಳಿಯೋರಿಗೆ ಕೊಡೋ ರಬ್ಬರಿನಂಥ ಉಡುಪು) ಮೈಗೆ ಬಿಗಿಯಾಗಿ ಅಂಟಿಕೊಳ್ಳುತ್ತೆ, ಹಾಕೋವಾಗ ಒಂದು ಕಾಲಲ್ಲಿ ನಿಲ್ಲಬೇಕು. ಮಂಡಿನೋವು ಇರೋ ಅತ್ತೆಯವರಿಗೆ ಅದೇ ದೊಡ್ಡ ಕಷ್ಟ. ಅವರು ನೆರಳಲ್ಲಿ ಕೂತು ನೋಡಲಿ.

ಒಡವೆ ವಿಷಯ ನಮ್ಮ ಕಡೆಯವರು ಕೊನೇ ಕ್ಷಣದವರೆಗೂ ಯೋಚನೆ ಮಾಡೋದೇ ಇಲ್ಲ. ತಾಳಿ, ಬಳೆ, ಮೂಗುಬೊಟ್ಟು, ಕಾಲುಂಗುರ, ಹೇರ್‌ಪಿನ್ ಎಲ್ಲಾ ತೆಗೀಬೇಕು. ಬಿಗಿಯಾದ ಕಾಲುಂಗುರ ಅಲ್ಲಿ ಬರೋದಿಲ್ಲ, ಮನೆಯಲ್ಲೇ ಸೋಪುನೀರು ಹಚ್ಚಿ ತೆಗೆದು ನೋಡಿ. ತಾಳಿ ತೆಗೆಯೋಕೆ ಮನಸ್ಸಿಲ್ಲದವರು ದಡದಲ್ಲೇ ಇರಲಿ, ಅಲ್ಲಿ ವಾದ ಮಾಡಿ ಪ್ರಯೋಜನ ಇಲ್ಲ. ಇನ್ನೊಂದು ಮಾತು, ಕೆಲವು ಕಾರ್ಯಕ್ರಮದಲ್ಲಿ ಮೀನು ಕೈಗೆ ಕೊಟ್ಟು ತಿನ್ನಿಸೋಕೆ ಹೇಳ್ತಾರೆ. ಮೀನು ಮುಟ್ಟದ ಮನೆಯಾದರೆ ಶುರುವಲ್ಲೇ ಹೇಳಿಬಿಡಿ.

ಕೊಲ್ಲಿ ದೇಶದಲ್ಲಿ ಕಡಲ ಪ್ರಾಣಿಗಳ ಆರೈಕೆ ಕೆಲಸ, ಊರು ಮದ್ದೂರು: ಪಿನ್ನು, ಒಡವೆ ಯಾಕೆ ತೆಗೆಸ್ತಾರೆ ಅಂದ್ರೆ, ಡಾಲ್ಫಿನ್ ಅಗಿಯೋದಿಲ್ಲ, ಸಿಕ್ಕಿದ್ದನ್ನ ಹಾಗೇ ನುಂಗುತ್ತೆ. ಹೊಟ್ಟೆಯ ಮೊದಲ ಕೋಣೆಯಿಂದ ಮುಂದಿನ ದಾರಿ ಕಿರಿದು. ನುಂಗಿದ ಪಿನ್ನು, ನಾಣ್ಯ ಅಲ್ಲೇ ಉಳಿದು ಹುಣ್ಣು ಮಾಡುತ್ತೆ. ಕೊಳಗಳಲ್ಲಿ ಡಾಲ್ಫಿನ್‌ಗಳು ಹೀಗೇ ಸತ್ತಿವೆ. ಮುಡಿಯಲ್ಲಿ ಹೂವು ಇದ್ದರೆ ಅದರ ದಾರ, ಪಿನ್ನು ಎರಡೂ ತೆಗೀರಿ.

ನೀರಿಗಿಳಿಯೋ ಮುಂಚೆ ಸನ್‌ಸ್ಕ್ರೀನ್, ತಲೆಗೆ ಹಚ್ಚಿದ ಎಣ್ಣೆ ಸೋಪು ಹಾಕಿ ತೊಳೀರಿ. ಮಗುವಿನ ಉಗುರು ಹಿಂದಿನ ದಿನವೇ ಕತ್ತರಿಸಿ. ಡಾಲ್ಫಿನ್ ಚರ್ಮದ ಮೇಲ್ಪದರ ಸುಮಾರು ಎರಡು ಗಂಟೆಗೊಮ್ಮೆ ಉದುರಿ ಹೊಸದಾಗುತ್ತೆ, ಅಷ್ಟು ನಾಜೂಕು, ಉಗುರು ತಾಗಿದರೂ ಗೀರು ಬೀಳುತ್ತೆ. ಮುಟ್ಟೋದು ಅಂಗೈಯಿಂದ, ಪಕ್ಕೆ ಮತ್ತು ಬೆನ್ನಿನ ಮೇಲೆ, ತಲೆ ಕಡೆಯಿಂದ ಬಾಲದ ಕಡೆಗೆ ಮಾತ್ರ. ಕಣ್ಣು, ಹಣೆ, ತಲೆ ಮೇಲಿನ ಉಸಿರಿನ ತೂತು ಮುಟ್ಟಬಾರದು. ಅದು ಉಸಿರು ಬಿಡುವಾಗ ಲೋಳೆ ಸಿಡಿಯುತ್ತೆ, ಮುಖ ಆ ತೂತಿನ ಮೇಲೆ ಬಗ್ಗಿಸಬೇಡಿ.

ಬೆನ್ನಿನ ರೆಕ್ಕೆ ಹಿಡಿದು ಎಳೆಸಿಕೊಂಡು ಹೋಗೋ ಸವಾರಿ ಇರುತ್ತಲ್ಲ, ಅದನ್ನ ಆರಿಸಲೇಬೇಡಿ. ಆ ರೆಕ್ಕೆಯಲ್ಲಿ ಮೂಳೆ ಇಲ್ಲ, ಗಟ್ಟಿ ಅಂಗಾಂಶ ಅಷ್ಟೆ. ದಿನವಿಡೀ ಒಬ್ಬರಾದ ಮೇಲೆ ಒಬ್ಬರು ಜೋತುಬಿದ್ದರೆ ಪ್ರಾಣಿಯ ಗತಿ ಏನು, ಯೋಚಿಸಿ.

ಡಾಲ್ಫಿನ್ ನಗ್ತಾ ಇದೆ ಅಂತ ಮಗುವಿಗೆ ಅನ್ನಿಸಬಹುದು. ಅದು ದವಡೆಯ ಆಕಾರ, ಸತ್ತ ಡಾಲ್ಫಿನ್ ಮುಖವೂ ಹಾಗೇ ಇರುತ್ತೆ. ನಿಜವಾಗಿ ನೋಡಬೇಕಾದ್ದು ಬೇರೆ. ದವಡೆ ಪಟ್ ಅಂತ ಬಡಿದರೆ, ಬಾಯಿ ಅಗಲ ತೆರೆದು ತಲೆ ಆಡಿಸಿದರೆ, ಬಾಲದಿಂದ ನೀರು ಬಡಿದರೆ ಅದು ದೂರ ಹೋಗಿ ಅಂದಂತೆ. ಕೈ ಒಳಗೆ ಎಳ್ಕೊಂಡು ತರಬೇತುದಾರರ ಹಿಂದೆ ನಿಲ್ಲಿ. ಅದು ಬಿಟ್ಟು ಹೋದರೆ ಹೋಗಲಿ, ಅಡ್ಡ ನಿಂತು ದಾರಿ ಕಟ್ಟಬೇಡಿ.

ಕಡಲ ಸಿಂಹ (ಸೀ ಲಯನ್) ಇನ್ನೂ ಬೇರೆ. ಕಿವಿಯ ಚಿಕ್ಕ ಹಾಳೆ ಹೊರಗೆ ಕಾಣುತ್ತೆ, ನಾಲ್ಕು ರೆಕ್ಕೆಕಾಲಲ್ಲಿ ದಡದ ಮೇಲೆ ನಡೆದು ಬರುತ್ತೆ. ಕುತ್ತಿಗೆ ಬಹಳ ಬಳುಕುತ್ತೆ, ಬೆನ್ನು ಮುಟ್ಟಿದವರ ಕೈಗೂ ಬಾಯಿ ತಲುಪುತ್ತೆ. ಕ್ಯಾಲಿಫೋರ್ನಿಯಾ ಜಾತಿಯ ಗಂಡು 300 ಕಿಲೋ ದಾಟುತ್ತೆ, ಹೆಣ್ಣು ಸುಮಾರು 100 ಕಿಲೋ. ಕೆನ್ನೆಗೆ ಮುತ್ತು ಕೊಡಿಸೋ ಫೋಟೋಗೆ ಮಗುವನ್ನ ನಿಲ್ಲಿಸಬೇಡಿ ಮೇಡಂ. ಎಷ್ಟು ಪಳಗಿದ್ದರೂ ಅದು ಕೋರೆಹಲ್ಲಿನ ಪ್ರಾಣಿ, ಮಗುವಿನ ಮುಖ ಅದರ ಬಾಯಿಯ ಮಟ್ಟದಲ್ಲೇ ಇರುತ್ತೆ.

ಪಶುವೈದ್ಯರು, ಮಂಡ್ಯ: ಕಚ್ಚಿದರೆ ಅಥವಾ ಗೀರಿದರೆ ಏನು ಮಾಡಬೇಕು ಅನ್ನೋದು ಇಲ್ಲಿ ಬರಲೇ ಇಲ್ಲ. ತಕ್ಷಣ ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೀರಿ, ಅವತ್ತೇ ಡಾಕ್ಟರಿಗೆ ತೋರಿಸಿ. ಕಡಲ ಸಿಂಹ, ಅದರ ಹತ್ತಿರದ ಸಂಬಂಧಿ ಸೀಲ್, ಇವುಗಳ ಬಾಯಿಂದ 'ಸೀಲ್ ಫಿಂಗರ್' ಅನ್ನೋ ಸೋಂಕು ಬರುತ್ತೆ. ಕೆಲವು ದಿನ ಬಿಟ್ಟು ಬೆರಳು ಕೆಂಪಾಗಿ ಊದಿ, ಗೆಣ್ಣು ವಿಪರೀತ ನೋಯುತ್ತೆ. ಕಾರಣ ಮೈಕೋಪ್ಲಾಸ್ಮಾ ಅನ್ನೋ ಬ್ಯಾಕ್ಟೀರಿಯಾ. ಅದಕ್ಕೆ ಜೀವಕೋಶದ ಗೋಡೆಯೇ ಇಲ್ಲ, ಗೋಡೆ ಮೇಲೆ ಕೆಲಸ ಮಾಡುವ ಪೆನ್ಸಿಲಿನ್ ಗುಂಪಿನ ಔಷಧಿ ಹತ್ತೋದಿಲ್ಲ, ಟೆಟ್ರಾಸೈಕ್ಲಿನ್ ಗುಂಪಿನದು ಹತ್ತುತ್ತೆ. ಮೈಸೂರಿಗೆ ವಾಪಸ್ ಬಂದ ಮೇಲೆ ಊತ ಕಂಡರೆ ಡಾಕ್ಟರಿಗೆ 'ಕಡಲ ಸಿಂಹ ಕಚ್ಚಿದೆ' ಅಂತ ಬಾಯಿಬಿಟ್ಟು ಹೇಳಬೇಕು, ಇಲ್ಲದಿದ್ದರೆ ಯಾರಿಗೂ ಇದು ಹೊಳೆಯೋದಿಲ್ಲ. ರೇಬೀಸ್ ಬಗ್ಗೆಯೂ ಕೇಳಿ. 2024ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್ ಫರ್ ಸೀಲ್‌ಗಳಲ್ಲಿ ಅದು ದೃಢಪಟ್ಟಿದೆ. ಕೈಮೇಲೆ ಹಸಿ ಗಾಯ ಇರೋರು ಇಳೀಲೇಬಾರದು.

ಮಗುವಿನ ವೀಸಿಂಗ್‌ಗೆ ಮುಚ್ಚಿದ ಸಭಾಂಗಣದ ಗಾಳಿ ಮುಖ್ಯ. ಬಾಗಿಲಲ್ಲೇ ಮೂಗಿಗೆ ಘಾಟು ಹೊಡೆದು ಕಣ್ಣು ಉರಿದರೆ, ನೀರಿಗೆ ಹಾಕಿದ ಕ್ಲೋರಿನ್ ಪ್ರಾಣಿಗಳ ಮೂತ್ರದ ಜೊತೆ ಸೇರಿ, ಉಸಿರಾಟಕ್ಕೆ ತೊಂದರೆ ಕೊಡೋ ಕ್ಲೋರಮೈನ್ ಆಗಿದೆ ಅಂತ ಅರ್ಥ. ಜನ ಅದನ್ನ ಸ್ವಚ್ಛತೆಯ ವಾಸನೆ ಅಂದ್ಕೋತಾರೆ, ನಿಜ ಅದರ ಉಲ್ಟಾ. ಇನ್ಹೇಲರ್ ಕೈಚೀಲದಲ್ಲೇ ಇರಲಿ, ಲಗೇಜಲ್ಲಿ ಬೇಡ.

ಕಡಲ ಸಿಂಹದ ಕಣ್ಣು ನೋಡಿ. ಸದಾ ಅರ್ಧ ಮುಚ್ಚಿದ್ದರೆ, ಮೇಲೆ ಬಿಳಿ ಪರೆ ಇದ್ದರೆ ಅದರ ಕೊಳ ಸರಿಯಿಲ್ಲ. ಉಪ್ಪಿಲ್ಲದ ನೀರು, ನೆರಳಿಲ್ಲದ ಜಾಗ, ಬಿಸಿಲನ್ನ ವಾಪಸ್ ಎರಚುವ ತಿಳಿನೀಲಿ ತಳ, ಇವು ಕಣ್ಣು ಕೆಡಿಸುತ್ತವೆ.

ಪ್ರಶ್ನೆ ಕೇಳಿದವರು: ಇಷ್ಟೆಲ್ಲ ಓದಿದ ಮೇಲೆ ಹೋಗಬೇಕಾ ಅನ್ನಿಸ್ತಿದೆ. ನಮ್ಮ ಮೈಸೂರು ಮೃಗಾಲಯದಲ್ಲೇ ಡಾಲ್ಫಿನ್ ತರಿಸೋಕಾಗಲ್ವಾ ಅಂತ ಮಾವ ಕೇಳ್ತಿದ್ದಾರೆ.

ವನ್ಯಜೀವಿ ಕೆಲಸ, ಶ್ರೀರಂಗಪಟ್ಟಣ: ಆಗೋದಿಲ್ಲ ಅಂತ ಮಾವನವರಿಗೆ ಹೇಳಿ. 2013ರ ಮೇ ತಿಂಗಳಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ದೇಶದಲ್ಲಿ ಎಲ್ಲೂ ಡಾಲ್ಫಿನೇರಿಯಂಗೆ ಅನುಮತಿ ಕೊಡಬಾರದು ಅಂತ ರಾಜ್ಯಗಳಿಗೆ ಸುತ್ತೋಲೆ ಕಳಿಸಿದೆ. 1990ರ ದಶಕದ ಕೊನೆಯಲ್ಲಿ ಚೆನ್ನೈ ಹತ್ತಿರ ಬಲ್ಗೇರಿಯಾದಿಂದ ಡಾಲ್ಫಿನ್ ತರಿಸಿದ್ದರು, ಕೆಲವೇ ತಿಂಗಳಲ್ಲಿ ಸತ್ತವು. ಕೆನಡಾ 2019ರಲ್ಲಿ ಮನರಂಜನೆಗಾಗಿ ಡಾಲ್ಫಿನ್ ಕೂಡಿಹಾಕೋದನ್ನ ನಿಷೇಧಿಸಿತು, ಫ್ರಾನ್ಸ್ 2021ರಲ್ಲಿ ಶೋಗಳನ್ನ ನಿಲ್ಲಿಸುವ ಕಾನೂನು ತಂದಿತು. ಮೇಲೆ ಹೇಳಿದ ಡಾಲ್ಫಿನ್ ಬೇಗೆ ಪ್ರಾಣಿಗಳು ಬಂದದ್ದು 2007ರಲ್ಲಿ, ಸಾಲೊಮನ್ ದ್ವೀಪಗಳ ಕಡಲಲ್ಲಿ ಹಿಡಿದ 28 ಡಾಲ್ಫಿನ್. ನನ್ನ ಅಭಿಪ್ರಾಯ ನೇರ: ಹೋಗಬೇಡಿ. ನೆರಳು, ಉಪ್ಪುನೀರು ಎಲ್ಲಾ ಸರಿಯಿದ್ದರೂ ಮೈಲಿಗಟ್ಟಲೆ ಓಡಾಡುವ ಪ್ರಾಣಿಗೆ ಅದು ಗುಂಡಿಯೇ.

ನಮ್ಮ ಕಡಲಲ್ಲೇ ಡಾಲ್ಫಿನ್ ಇವೆ. ಕಾರವಾರದಲ್ಲಿ ಕಾಳಿ ನದಿ ಸಮುದ್ರ ಸೇರುವ ಕಡೆ, ದೇವಬಾಗ, ಕೂರ್ಮಗಡ ದ್ವೀಪದ ಸುತ್ತ ಗೂನುಬೆನ್ನಿನ ಡಾಲ್ಫಿನ್ ದಡದ ಹತ್ತಿರದ ಆಳವಿಲ್ಲದ ನೀರಲ್ಲೇ ಮೀನು ಹಿಡಿಯುತ್ತೆ. ಮಳೆಗಾಲದಲ್ಲಿ ದೋಣಿ ನಿಲ್ಲುತ್ತೆ. ದಸರಾ ಹೊತ್ತಿಗೆ ಶುರುವಾಗಿದೆಯಾ ಅಂತ ಫೋನ್ ಮಾಡಿ ಕೇಳಿ. ಕಡಲು ಶಾಂತ ಇರೋದು ಡಿಸೆಂಬರ್, ಜನವರಿ. ಗಾಳಿ ಏಳೋ ಮೊದಲು, ಬೆಳಿಗ್ಗೆಯೇ ಹೊರಡಿ, ಅಲೆ ಎದ್ದರೆ ರೆಕ್ಕೆ ಕಾಣೋದೇ ಇಲ್ಲ. ಮಂಡ್ಯ, ಮೈಸೂರು ಮೇಲೆ ಹೋಗುವ ಮುರ್ಡೇಶ್ವರ ರೈಲು ಹತ್ತಿ, ಅಲ್ಲಿಂದ ಮುಂದೆ ಬಸ್ಸಲ್ಲೋ ಬೇರೆ ರೈಲಲ್ಲೋ ಕಾರವಾರಕ್ಕೆ ಹೋಗಬಹುದು. ದೋಣಿಯವರಿಗೆ ಮೊದಲೇ ಹೇಳಿ: ಬೆನ್ನಟ್ಟಬೇಡಿ, 50 ಮೀಟರ್ ದೂರದಲ್ಲಿ ಎಂಜಿನ್ ನ್ಯೂಟ್ರಲ್‌ಗೆ ಹಾಕಿ, ಮರಿ ಇದ್ದರೆ ಪಕ್ಕಕ್ಕೆ ಹೋಗಿಬಿಡಿ. ಲೈಫ್ ಜಾಕೆಟ್ ಮಗುವಿನ ಅಳತೆಯದು ಇದೆಯಾ ನೋಡಿ. ದೊಡ್ಡವರದ್ದು ಹಾಕಿದರೆ ನೀರಿಗೆ ಬಿದ್ದಾಗ ಮೇಲಕ್ಕೆ ಜಾರಿ ಹೋಗುತ್ತೆ.

ಮದ್ದೂರಿನವರು: ಶ್ರೀರಂಗಪಟ್ಟಣದವರ ಮಾತು ನಾನು ಒಪ್ತೀನಿ, ಆದರೂ ಟಿಕೆಟ್ ಆಗಲೇ ತಗೊಂಡು ಹೋಗೋರು ಇರ್ತಾರೆ. ಅಂಥವರು ಕೌಂಟರಲ್ಲಿ ಮೂರು ಪ್ರಶ್ನೆ ಕೇಳಿ. ಒಂದು ಪ್ರಾಣಿ ದಿನಕ್ಕೆ ಎಷ್ಟು ಸಲ ಜನರ ಜೊತೆ ಇರುತ್ತೆ? ಜನ ಬರಲಾರದ ಬೇರೆ ಕೊಳ ಅದಕ್ಕೆ ಇದೆಯಾ? ಆಟ ಆಡದಿದ್ದ ದಿನವೂ ಪೂರ್ತಿ ಮೀನು ಹಾಕ್ತೀರಾ? ಇಂಥ ಕೊಳಗಳಲ್ಲಿ ಸಾಮಾನ್ಯವಾಗಿ ಸಾಕೋ ಬಾಟಲ್‌ನೋಸ್ ಡಾಲ್ಫಿನ್‌ಗೆ ಮೈತೂಕದ ನೂರಕ್ಕೆ 4ರಿಂದ 5 ಪಾಲು ಮೀನು ದಿನಾ ಬೇಕು, 200 ಕಿಲೋದಕ್ಕೆ ಸುಮಾರು 8ರಿಂದ 10 ಕಿಲೋ. ಫ್ರೀಜ್ ಮಾಡಿಟ್ಟ ಮೀನಲ್ಲಿ ಬಿ1 ವಿಟಮಿನ್ ನಾಶವಾಗಿರುತ್ತೆ, ಅದಕ್ಕೇ ಕಿವಿರಿನೊಳಗೆ ಮಾತ್ರೆ ತುರುಕಿ ಕೊಡ್ತಾರೆ. ಬಕೆಟ್‌ನಿಂದ ನೀವಾಗೇ ಮೀನು ಎತ್ತಿ ಹಾಕಬೇಡಿ, ಯಾವ ಮೀನು ಯಾವ ಪ್ರಾಣಿಗೆ ಅಂತ ಮೊದಲೇ ಲೆಕ್ಕ ಹಾಕಿರ್ತಾರೆ. ಪ್ರಶ್ನೆಗೆ ಉತ್ತರ ಕೊಡದೆ ಜಾರಿಕೊಂಡರೆ ಮಗುವನ್ನ ಇಳಿಸದೆ ವಾಪಸ್ ಕರ್ಕೊಂಡು ಬನ್ನಿ.