ಅಪ್‌ಡೇಟ್: ಕರೆಂಟ್ ಅಕೌಂಟ್ ಬದಲಾಯಿಸಿದೆ, ಓಡಿ (ಓವರ್‌ಡ್ರಾಫ್ಟ್) ಸದ್ಯಕ್ಕೆ ಹಳೇ ಬ್ಯಾಂಕಲ್ಲೇ ಇದೆ

ಹೋದ ತಿಂಗಳು ಕೇಳಿದ್ದೆ: ದಾವಣಗೆರೆಯ ನನ್ನ ಹಾರ್ಡ್‌ವೇರ್ ಅಂಗಡಿಯ ಕರೆಂಟ್ ಅಕೌಂಟ್‌ಗೆ ಚಾರ್ಜ್ ಜಾಸ್ತಿ ಬೀಳ್ತಿದೆ, 10 ಲಕ್ಷದ ಓಡಿ (ಮಿತಿಯೊಳಗೆ ಬೇಕಾದಾಗ ತೆಗೆದು ಬಳಸುವ ಸಾಲ) ಕೂಡ ಅಲ್ಲೇ ಇದೆ, ಬ್ಯಾಂಕ್ ಬಿಡಲಾ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ.

ನೀವು ಹೇಳಿದ ಹಾಗೆ ಒಂದು ವರ್ಷದ ಸ್ಟೇಟ್‌ಮೆಂಟ್ ತೆಗೆದು ಕೂತು ಲೆಕ್ಕ ಹಾಕಿದೆ. ಓಡಿ ಬಡ್ಡಿ ದೊಡ್ಡ ತಲೆನೋವಲ್ಲ, ಬಳಸಿದ ಹಣಕ್ಕೆ, ಬಳಸಿದಷ್ಟು ದಿನಕ್ಕೆ ಮಾತ್ರ ಬೀಳುತ್ತದೆ. ನೋವು ಕೊಟ್ಟಿದ್ದು ನಗದು ಕಟ್ಟುವ ಚಾರ್ಜ್. ನಮ್ಮಲ್ಲಿ ಸಂತೆ ದಿನ ಬರೋದೆಲ್ಲ ನಗದೇ, ಫ್ರೀ ಮಿತಿ ಹತ್ತೇ ದಿನಕ್ಕೆ ಮುಗಿಯುತ್ತಿತ್ತು, ಆಮೇಲೆ ಪ್ರತಿ ಸಲ ಚಾರ್ಜ್, ಅದರ ಮೇಲೆ ಶೇ. 18 ಜಿಎಸ್‌ಟಿ. ಆ ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್ ಸಿಗುತ್ತೆ, ಅಂದರೆ ಅಂಗಡಿ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅದನ್ನು ಕಳೆಯಬಹುದು ಅಂತ ನಮ್ಮ ಆಡಿಟರ್ ಹೇಳುವವರೆಗೂ ಗೊತ್ತೇ ಇರಲಿಲ್ಲ!

ಓಡಿಯನ್ನು ಈಗಲೇ ಬೇರೆ ಬ್ಯಾಂಕಿಗೆ ಎತ್ತಿದರೆ ಅದಕ್ಕೆ ಅಡವಿಟ್ಟ ಮನೆ ಪತ್ರ ಬಿಡಿಸಿ, ಹೊಸ ಬ್ಯಾಂಕಿನಲ್ಲಿ ವಕೀಲರ ಅಭಿಪ್ರಾಯ, ವ್ಯಾಲ್ಯುಯೇಶನ್, ಅಡಮಾನದ ಸ್ಟಾಂಪ್ ಡ್ಯೂಟಿ ಎಲ್ಲಾ ಮತ್ತೆ ಕಟ್ಟಬೇಕು. ಅದಕ್ಕೇ ಆತುರ ಬೇಡ ಅನ್ನಿಸಿತು. ಬ್ಯಾಂಕುಗಳಲ್ಲಿರುವ ಒಟ್ಟು ಸಾಲ ನನ್ನ ಹಾಗೆ ಕಡಿಮೆ ಇದ್ದರೆ ಓಡಿ ಒಂದು ಕಡೆ ಇಟ್ಟುಕೊಂಡೇ ಬೇರೆ ಬ್ಯಾಂಕಿನಲ್ಲಿ ಕರೆಂಟ್ ಅಕೌಂಟ್ ತೆರೆಯಬಹುದು, ಬ್ಯಾಂಕ್ ಕೇಳಿದರೆ ಒಂದು ಮುಚ್ಚಳಿಕೆ ಬರೆದುಕೊಡಬೇಕು ಅಷ್ಟೇ. ಹಾಗೇ ಮಾಡಿದೆ. ನಗದು ಈಗ ಹೊಸ ಬ್ಯಾಂಕಿಗೆ ಹೋಗುತ್ತಿದೆ, ಓಡಿ ಹಳೆಯದರಲ್ಲೇ ಇದೆ.

ಓಡಿ ರಿನ್ಯೂವಲ್ ಮಾರ್ಚ್‌ನಲ್ಲಿ. ಪ್ರೊಸೆಸಿಂಗ್ ಫೀ ಇಳಿಸಿ ಅಂತ ಹಳೇ ಬ್ಯಾಂಕಿನ ಮ್ಯಾನೇಜರ್‌ಗೆ ಬರೆದುಕೊಟ್ಟಿದ್ದೇನೆ. ಬಾಯಿಮಾತಲ್ಲಿ ಒಪ್ಪಿದ್ದಾರೆ, ಪತ್ರ ಇನ್ನೂ ಬಂದಿಲ್ಲ.